ಧ್ವನಿವರ್ಧಕವೂ ಕೊಠಡಿಯೂ

ದೊಡ್ಡ ಧ್ವನಿವರ್ಧಕವನ್ನು ಮನೆಗೆ ತಂದವರಲ್ಲಿ ಅನೇಕರು, ಮೃದಂಗದ ಎಡಭಾಗದ ನಾದವು ಗುಮ್ಮೆಂದು ಮೊಳಗಿ ಹಾಡನ್ನೇ ಮುಚ್ಚುವುದೆಂದು ದೂರುವರು. ದೋಷವು ಬಹುಮಟ್ಟಿಗೆ ಯಂತ್ರದ್ದಲ್ಲ, ಕೊಠಡಿಯದು.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಸಾಗುವುದು. ಆದುದರಿಂದ 5 ಮೀಟರು ಉದ್ದದ ಕೊಠಡಿಯಲ್ಲಿ, ಸೆಕೆಂಡಿಗೆ ಸುಮಾರು 34 ಕಂಪನಗಳ ಮಂದ್ರಸ್ವರವು ಎದುರುಬದುರಾದ ಗೋಡೆಗಳ ನಡುವೆ ಪ್ರತಿಫಲಿಸಿ ನಿಂತ ಅಲೆಯಾಗುವುದು. ಅದರ ಎರಡರಷ್ಟು, ಮೂರರಷ್ಟು ಕಂಪನಗಳ ಸ್ವರಗಳೂ ಹಾಗೆಯೇ. ಇವು ಗೋಡೆಯ ಬಳಿ ಉಬ್ಬುವುವು. ಮೂಲೆಯಲ್ಲಿಟ್ಟ ಧ್ವನಿವರ್ಧಕವು ಇವನ್ನೆಲ್ಲ ಕೆರಳಿಸುವುದು.

ಮೆತ್ತೆಗಳು ಅನುರಣನವನ್ನು ತಗ್ಗಿಸುವುವೆಂದು ಹಾರ್ವರ್ಡಿನ ಸಬೀನರು 1895ರಿಂದ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದರು. ಆದರೆ ತೆಳುವಾದ ಜಮಖಾನೆಯು ಹೆಚ್ಚಾಗಿ ತಾರಸ್ವರಗಳನ್ನೇ ಹೀರುವುದು. ಮಂದ್ರಕ್ಕೆ ಸ್ಥಾನಪಲ್ಲಟವೇ ಮೊದಲ ಚಿಕಿತ್ಸೆ: ಧ್ವನಿವರ್ಧಕವನ್ನು ಮೂಲೆಯಿಂದಲೂ ಆಸನವನ್ನು ಹಿಂಗೋಡೆಯಿಂದಲೂ ಈಚೆಗೆ ತರಬೇಕು. ಹೊಸ ಯಂತ್ರಕ್ಕೆ ಹಣ ತೆರುವ ಮೊದಲು, ನಾವು ಒಂದು ಸಂಜೆ ಹೀಗೆ ಸರಿಸಿ, ಕಿವಿಗೊಟ್ಟು ನೋಡುವುದು ವಿವೇಕ.