ಇಳಕಲ್ ಸೀರಿ ರೀಲ್ ಹುಡುಕಿದ್ರ ಸಿಗಬೇಕಲ್ರಿ

ಇಳಕಲ್ ಸೀರಿ ರೀಲ್ ಹಾಕಿ, ಕೆಳಗ ‘ಹೊಸ ಸ್ಟಾಕ್ ಬಂತು’ ಅಂತಷ್ಟ ಬರದ್ರ ಹುಡುಕೋರಿಗೆ ಹೆಂಗ ಸಿಗತೈತ್ರಿ?

ಮೊದಲ ಸಾಲಿನಾಗ ಬರೀರಿ: ‘ಇಳಕಲ್ ಕೈಮಗ್ಗದ ಸೀರೆ, ಟೋಪ್ ತೆನಿ ಸೆರಗು, ಚಿಕ್ಕಿ ಪರಾಸ ದಡಿ.’ ಒಡಲು ಹತ್ತಿಯೋ ರೇಷ್ಮಿಯೋ, ಅದೂ ಇರ್ಲಿ. ಒಡಲಿಗೆ ಸೆರಗು ಕೂಡಿಸೋ ಕೊಂಡಿ ಕೆಲಸ ಈ ಸೀರಿ ಗುರುತು. ಅದನ್ನ ಬರೇ ತೋರಿಸಿದ್ರ ಸಾಲದು; ಬಾಯಿಲೆ ಹೆಸರು ಹೇಳ್ರಿ, ವಿಡಿಯೋ ಮ್ಯಾಲೂ ಬರೀರಿ.

ಮಹಾರಾಷ್ಟ್ರದವರು ‘ಇರಕಲ್’ ಅಂತ ಹುಡುಕ್ತಾರ, ಅದನ್ನೂ ಸೇರಿಸ್ರಿ. ಪ್ರೊಫೈಲ್‌ನಾಗ ಅಂಗಡಿ ಹೆಸರಿನ ಜೋಡಿ ‘ಇಳಕಲ್ ಸೀರೆ’ ಹಾಕ್ರಿ. ಹ್ಯಾಶ್‌ಟ್ಯಾಗ್ ರಾಶಿ ಸುರಿಯೋದು ದಂಡ, ಖರೇ ಹೇಳ್ತೀನಿ.

2025ರ ಜುಲೈದಿಂದ ಇನ್‌ಸ್ಟಾಗ್ರಾಂನ ಸಾರ್ವಜನಿಕ ಬಿಸಿನೆಸ್ ಖಾತೆಗಳ ಪೋಸ್ಟು ಗೂಗಲ್‌ನಾಗೂ ಬರಬಹುದು. ನಿಮ್ಮ ಖಾತೆದಾಗ ಹಂಗ ಗೂಗಲ್‌ನಾಗ ತೋರಿಸೋ ಸೆಟ್ಟಿಂಗ್ ಚಾಲೂ ಐತೇನು, ಈಗ ನೋಡ್ರಿ.