ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿ: ಪೂರ್ಣ ಬೆಲೆ ತೆರಬೇಕೆ?

ಕಾಫಿ ಕೊಯ್ಲು ಮುಗಿದು ಮಾರ್ಚ್ ತಿಂಗಳು ಸಮೀಪಿಸಿದೊಡನೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ವರ್ತಕರು ಎದುರಿಸುವ ಪ್ರಶ್ನೆಗಳಲ್ಲಿ ಇದೂ ಒಂದು. ಲೆಕ್ಕಪತ್ರದ ತಂತ್ರಾಂಶದ ನವೀಕರಣಾವಧಿ ಮುಗಿದಿದೆ, ಹೊಸ ಆವೃತ್ತಿ ಬಂದಿದೆ, ಹಣ ಕಟ್ಟಿ ಎಂದು ಡೀಲರು ಹೇಳುತ್ತಾರೆ. ಒಮ್ಮೆ ಬೆಲೆ ತೆತ್ತು ಕೊಂಡ ವಸ್ತುವಿಗೆ ಮತ್ತೆ ಮತ್ತೆ ಹಣ ತೆರುವುದೇಕೆ ಎಂಬುದು ವರ್ತಕರ ಆಕ್ಷೇಪ. ಕೊಂಡ ವಿಡಿಯೋ ಆಟದ ಮುಂದುವರಿದ ಭಾಗಕ್ಕೆ ಮಕ್ಕಳು ಮತ್ತೆ ಪೂರ್ಣ ಬೆಲೆ ಕೇಳಿದಾಗ ತಂದೆಗೆ ಬರುವ ಸಿಟ್ಟೂ ಇದೇ ಬಗೆಯದು. ಆದರೆ ಆಟದ ಭಾಗವನ್ನು ಕೊಳ್ಳದಿದ್ದರೆ ನೋಟೀಸು ಬರುವುದಿಲ್ಲ.

ಜಿಲ್ಲೆಯಲ್ಲಿ ಹೆಚ್ಚು ಪರಿಚಿತವಾದ ಟ್ಯಾಲಿಯನ್ನೇ ಉದಾಹರಣೆಯಾಗಿ ನೋಡಬಹುದು. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಭರತ್ ಗೋಯೆಂಕಾ ಆರಂಭಿಸಿದ ಬೆಂಗಳೂರಿನ ಸಂಸ್ಥೆಯ ತಂತ್ರಾಂಶವಿದು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ವ್ಯಾಟ್ ಜಾರಿಗೆ ಬಂದಾಗ ಅಂಗಡಿಗಳು ಹೊಸ ಆವೃತ್ತಿಯತ್ತ ಹೊರಳಿದವು. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಬಂದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ನವೀಕರಣವನ್ನು ಬಿಟ್ಟುಬಿಟ್ಟಿದ್ದವರು ಹಣ ಕಟ್ಟಿಯೇ ಜಿಎಸ್‌ಟಿಯುಳ್ಳ ಆವೃತ್ತಿಯನ್ನು ಪಡೆಯಬೇಕಾಯಿತು. 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಹೊರಬಂದಿತು. ನವೀಕರಣ ಚಾಲ್ತಿಯಲ್ಲಿದ್ದವರಿಗೆ ಅದು ಪ್ರತ್ಯೇಕ ಬೆಲೆಯಿಲ್ಲದೆ ದೊರೆಯಿತು. ಅಂದರೆ ನಿಜವಾಗಿ ಮಾರಾಟಕ್ಕಿರುವುದು ಆವೃತ್ತಿಯಲ್ಲ, ನವೀಕರಣ. ಕೊಂಡ ಪರವಾನಗಿ ಶಾಶ್ವತವಾದುದು. ನವೀಕರಣ ತಪ್ಪಿದರೂ ಹಳೆಯ ಆವೃತ್ತಿ ಕೆಲಸ ಮಾಡುತ್ತಲೇ ಇರುತ್ತದೆ.

ಬೆಲೆಯನ್ನು ನೋಡೋಣ. 2020ರಲ್ಲಿ ಒಂದು ಗಣಕಯಂತ್ರದ ಪರವಾನಗಿಗೆ 18,000 ರೂ., ವಾರ್ಷಿಕ ನವೀಕರಣಕ್ಕೆ 3,600 ರೂ. ಇತ್ತು. ಇವೆರಡರ ಮೇಲೆ ಶೇ. 18 ಜಿಎಸ್‌ಟಿ. ಆ ಬಳಿಕ ಬೆಲೆ ಏರಿದೆ. ಆದರೆ ಗಮನಿಸಬೇಕಾದುದು ಅನುಪಾತವನ್ನು. ಐದು ವರ್ಷ ತಪ್ಪದೆ ನವೀಕರಿಸಿದವನು ಇನ್ನೊಂದು ಪರವಾನಗಿಯ ಪೂರ್ಣ ಬೆಲೆಯನ್ನೇ ತೆತ್ತಂತಾಯಿತು.

ತೆರಿಗೆಯ ಭಾರವೂ ಎಲ್ಲರಿಗೂ ಒಂದೇ ಅಲ್ಲ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹುರಿದ ಕಾಫಿಗೂ ಒಣ ಕಾಳುಮೆಣಸಿಗೂ ಶೇ. 5 ಉಂಟು. ಕಾಫಿ ಪುಡಿಯ ಅಂಗಡಿಯವರು 18,000 ರೂಪಾಯಿಯ ಮೇಲಿನ 3,240 ರೂ. ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಪಾರ್ಚ್‌ಮೆಂಟ್, ಚೆರ್ರಿಗಳನ್ನಷ್ಟೇ ಕೊಂಡು ಮಾರುವವರಿಗೆ ಆ ಜಮೆ ಇಲ್ಲ. ಅವರಿಗೆ ಅಸಲು ಬೆಲೆಯೇ 21,240 ರೂ. ಎರಡನ್ನೂ ಮಾರುವವರ ಪಾಡೇನು? 6 ಕೋಟಿ ರೂ. ಕಾಫಿಯೊಡನೆ 30 ಲಕ್ಷ ರೂ. ಮೆಣಸನ್ನು ಮಾರುವ ವರ್ತಕರೊಬ್ಬರಿದ್ದಾರೆ ಎನ್ನೋಣ. ಜಮೆಯನ್ನು ವಹಿವಾಟಿನ ಪ್ರಮಾಣಕ್ಕೆ ಹಂಚಬೇಕಾದುದರಿಂದ 3,240 ರೂಪಾಯಿಯಲ್ಲಿ ಅವರಿಗೆ ದಕ್ಕುವುದು ಸುಮಾರು 154 ರೂ. ಮಾತ್ರ. "ಜಿಎಸ್‌ಟಿ ಹೇಗೂ ವಾಪಸು ಬರುತ್ತದಲ್ಲ" ಎಂಬ ಮಾರಾಟದ ಮಾತನ್ನು ಕಾಫಿ ವರ್ತಕರು ನಂಬಬಾರದು.

ಹಾಗಾದರೆ ನವೀಕರಣ ಯಾರಿಗೆ ಬೇಕು? ತೆರಿಗೆ ದರ ಬದಲಾಯಿತೆಂಬ ಕಾರಣಕ್ಕೆ ಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ದರ ಶೇ. 18ರಿಂದ 5ಕ್ಕೆ ಇಳಿದಾಗ ಮಾಡಬೇಕಾಗಿದ್ದುದು ಸರಕಿನ ಖಾತೆಯಲ್ಲಿ ಹೊಸ ದರವನ್ನು ದಿನಾಂಕದೊಡನೆ ನಮೂದಿಸುವುದಷ್ಟೆ. ಇಷ್ಟಕ್ಕೆ ನವೀಕರಣ ಕಡ್ಡಾಯವೆಂದು ಯಾರಾದರೂ ಹೇಳಿದರೆ ಅದು ವ್ಯಾಪಾರದ ಮಾತು. ರಿಟರ್ನಿನ ನಮೂನೆಯೇ ಬದಲಾದಾಗ ಮಾತ್ರ ಹಳೆಯ ಆವೃತ್ತಿ ಕೈಕೊಡುತ್ತದೆ.

ಇ-ಇನ್‌ವಾಯ್ಸ್ ವಿಷಯ ಬೇರೆ. 2023ರ ಆಗಸ್ಟ್ 1ರಿಂದ ಅದರ ಮಿತಿ 5 ಕೋಟಿ ರೂ. ಈ ಮಿತಿಯನ್ನು ಎಣಿಸುವಾಗ ತೆರಿಗೆ ವಿನಾಯಿತಿಯುಳ್ಳ ಕಾಫಿಯ ಮಾರಾಟವೂ ಸೇರುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಮೇಲೆ ಹೇಳಿದ ವರ್ತಕರ ಮೆಣಸಿನ ಮಾರಾಟ 30 ಲಕ್ಷವೇ ಆದರೂ ಒಟ್ಟು ವಹಿವಾಟು ಮಿತಿಯನ್ನು ದಾಟಿರುವುದರಿಂದ, ನೋಂದಾಯಿತ ವರ್ತಕರಿಗೆ ಕೊಡುವ ಮೆಣಸಿನ ಬಿಲ್ಲಿಗೆಲ್ಲ ಇ-ಇನ್‌ವಾಯ್ಸ್ ಬೇಕು. ಕಾಫಿಯ ಬಿಲ್ಲಿಗೆ ಬೇಡ. ತಿಂಗಳಿಗೆ ನಾಲ್ಕಾರು ಬಿಲ್ಲುಗಳಾದರೆ ಸರ್ಕಾರದ ಪೋರ್ಟಲ್‌ನಲ್ಲಿಯೇ ಮಾಡಿಕೊಳ್ಳಬಹುದು, ಖರ್ಚಿಲ್ಲ. ದಿನವೂ ಹತ್ತಿಪ್ಪತ್ತು ಬಿಲ್ಲು ಬರೆಯುವವರಿಗೆ ನವೀಕರಣದ ಹಣ ಗುಮಾಸ್ತರ ಸಮಯದಲ್ಲಿಯೇ ಹುಟ್ಟುತ್ತದೆ.

ಕಂಪನಿಯಾಗಿ ನೋಂದಾಯಿಸಿಕೊಂಡ ಕ್ಯೂರಿಂಗ್ ಘಟಕಗಳಿಗೆ ಆಯ್ಕೆಯೇ ಇಲ್ಲ. ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ, ಆ ದಾಖಲೆಯನ್ನು ಅಳಿಸಲಾಗದ ತಂತ್ರಾಂಶವನ್ನೇ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸಬೇಕು; ಇಲ್ಲವಾದರೆ ಲೆಕ್ಕಪರಿಶೋಧಕರು ವರದಿಯಲ್ಲಿ ಬರೆಯಲೇಬೇಕು. ಇಆರ್‌ಪಿ 9 ಇದಕ್ಕೆ ಸಾಲದು. ಒಡೆತನದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ಕಾಫಿ ಬೀಜವನ್ನಷ್ಟೇ ಮಾರುತ್ತ, ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲದ ಸಣ್ಣ ವರ್ತಕರು ಹಳೆಯ ಆವೃತ್ತಿಯಲ್ಲಿಯೇ ನೆಮ್ಮದಿಯಾಗಿರಬಹುದು.

ಹಣ ಕಟ್ಟುವ ಮೊದಲು, ನವೀಕರಣದ ವರ್ಷ ಯಾವ ದಿನಾಂಕದಿಂದ ಎಣಿಕೆಯಾಗುತ್ತದೆಂದು ಡೀಲರಿಂದ ಬರಹದಲ್ಲಿ ಪಡೆಯುವುದು ಒಳಿತು. ಔಟ್‌ಟರ್ನ್ ಲೆಕ್ಕಕ್ಕೆಂದು ಪ್ರತ್ಯೇಕವಾಗಿ ಬರೆಸಿಕೊಂಡ ಸೌಲಭ್ಯಗಳಿದ್ದರೆ ಹೊಸ ಆವೃತ್ತಿಯಲ್ಲಿ ಅವನ್ನು ತಿದ್ದಿಸಬೇಕಾಗಿ ಬರಬಹುದು. ಅದರ ಕೂಲಿ ಬೇರೆ. ಹಳೆಯ ದತ್ತಾಂಶವನ್ನು ಹೊಸದಕ್ಕೆ ವರ್ಗಾಯಿಸುವ ಮುನ್ನ ಅದರ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು, ಏಕೆಂದರೆ ಹಿಂದಿರುಗುವ ದಾರಿ ಸುಲಭವಲ್ಲ. ಈ ಕೆಲಸವನ್ನು ಡಿಸೆಂಬರ್, ಜನವರಿಯ ಖರೀದಿ ಭರದಲ್ಲಿ ಹಚ್ಚಿಕೊಳ್ಳಬಾರದು. ಮಳೆ ಹಿಡಿದರೆ ಕಳಸದ ಕಡೆ ವಿದ್ಯುತ್ತು, ಅಂತರ್ಜಾಲ ಎರಡನ್ನೂ ನೆಚ್ಚುವಂತಿಲ್ಲ. ಏಪ್ರಿಲ್, ಮೇ ತಿಂಗಳೇ ತಕ್ಕ ಕಾಲ.