ಬಾವಲಿಯ ಲೆಕ್ಕ

ಹೊನ್ನಾವರದ ಕಡೆಯ ಅಡಿಕೆ ತೋಟವೊಂದರ ಅಂಚಿನಲ್ಲಿ ಬೆಳೆದವನು ನಾನು. ಕಾರ್ತೀಕ ಕಳೆದು ಅಡಿಕೆ ಹಣ್ಣಾಗತೊಡಗಿತೆಂದರೆ ಮಕ್ಕಳಾದ ನಮಗೆ ಬೆಳಗಿನ ಕೆಲಸವೊಂದು ಕಾದಿರುತ್ತಿತ್ತು. ತೋಟದ ಮೇಲಿನ ಬೆಟ್ಟಕ್ಕೆ ಹೋಗಿ, ಬಾವಲಿಗಳು ಇರುಳಿನಲ್ಲಿ ಮರದ ಬುಡಕ್ಕೆ ಬೀಳಿಸಿದ ಅಡಿಕೆಯನ್ನು ಹೆಕ್ಕಿ ತರಬೇಕು. ‘ಹಾಳು ಬಾವಲಿ, ನಮ್ಮ ಅಡಿಕೆ ಕದ್ದಿತು’ ಎಂದು ನಾನು ಬೈದರೆ ಅಜ್ಜಿ ನಗುತ್ತಿದ್ದಳು: ‘ತಿಂದದ್ದು ಸಿಪ್ಪೆ, ಬಿಟ್ಟದ್ದು ಅಡಿಕೆ. ಸಿಟ್ಟು ಯಾಕೋ ಮಾಣಿ?’

ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಕಡೆಯ ಬಾವಲಿಗಳಲ್ಲಿ ಹಣ್ಣು ತಿನ್ನುವವು, ಹುಳು ತಿನ್ನುವವು ಎಂದು ಎರಡು ಪಂಗಡ. ಹಣ್ಣು ತಿನ್ನುವವುಗಳಲ್ಲಿ ದೊಡ್ಡದು ರೆಕ್ಕೆ ಬಿಚ್ಚಿದರೆ ನಾಲ್ಕಡಿಗೂ ಮಿಕ್ಕೀತು. ಇವುಗಳ ಹಲ್ಲು, ಗಂಟಲು ಎರಡೂ ರಸಕ್ಕಾಗಿ ಮಾಡಿದಂಥವು. ಹಣ್ಣನ್ನು ಅಗಿದು, ನಾಲಗೆಯಿಂದ ಒತ್ತಿ ರಸ ಹೀರಿ, ನಾರನ್ನು ಉಗುಳುತ್ತವೆ. ಗಟ್ಟಿ ಬೀಜವನ್ನು ಹಾಗೆಯೇ ಬಿಡುತ್ತವೆ. ಆದ್ದರಿಂದಲೇ ಹಣ್ಣಡಿಕೆಯ ಸಿಪ್ಪೆ ಅದಕ್ಕೆ, ಒಳಗಿನ ಅಡಿಕೆ ನಮಗೆ. ಗೇರಿನ ಹಣ್ಣು ಅದಕ್ಕೆ, ಬೀಜ ನಮಗೆ. ಹೊಳೆದಂಡೆಯ, ಕಡಲಂಚಿನ ಸುರಹೊನ್ನೆಯ ತೆಳುವಾದ ತಿರುಳು ಅದಕ್ಕೆ. ಒಂದು ಕಾಲಕ್ಕೆ ಮನೆಯ ದೀಪಕ್ಕೆ ಎಣ್ಣೆ ಕೊಟ್ಟ ಬೀಜ ನಮಗೆ. ಮನುಷ್ಯ ಎಸೆಯುವುದನ್ನು ತಿಂದು, ಬೇಡುವುದನ್ನು ಬಿಟ್ಟುಹೋಗುವ ಇಂಥ ಕಳ್ಳ ಮತ್ತೊಬ್ಬನಿಲ್ಲ.

ನಾವು ಹೆಕ್ಕದೆ ಬಿಟ್ಟ ಬೀಜದ ಕಥೆ ಇನ್ನೂ ದೊಡ್ಡದು. ಬಾವಲಿ ಹಣ್ಣನ್ನು ಕಚ್ಚಿಕೊಂಡು ದೂರದ ಮರಕ್ಕೆ ಹೋಗಿ ತಿನ್ನುತ್ತದೆ. ಆಲ, ಅತ್ತಿಯ ಸಣ್ಣ ಬೀಜಗಳು ಹೊಟ್ಟೆಗೆ ಹೋದರೂ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೊರಬೀಳುತ್ತವೆ. ಹಕ್ಕಿ ಹೆಚ್ಚಾಗಿ ಕುಳಿತ ಕೊಂಬೆಯ ಕೆಳಗೆ ಬೀಜ ಬಿಟ್ಟರೆ, ಬಾವಲಿ ಹಾರುತ್ತಲೇ ಬಯಲಿನ ಮೇಲೂ ಬಿತ್ತುತ್ತದೆ. ಬೋಳಾದ ಬೆಟ್ಟಕ್ಕೆ ಮರಳಿ ಮರ ಬರುವುದು ಹೀಗೆ. ಹಿಪ್ಪೆಯ ಹೂವಿನ ಸಿಹಿದಳಕ್ಕೆ ಮುಗಿಬೀಳುವಾಗ ಅದರ ಮೈಗೆ ಪರಾಗ ಮೆತ್ತಿಕೊಂಡು ಇನ್ನೊಂದು ಮರಕ್ಕೆ ಸಾಗುತ್ತದೆ.

ಹುಳು ತಿನ್ನುವ ಬಾವಲಿಗಳು ಗಾತ್ರದಲ್ಲಿ ಸಣ್ಣವು. ಭಟ್ಕಳದ ಹಳೆಯ ಗುಡಿ, ಬಸದಿಗಳ ಸಂದಿಗಳಂಥ ಕತ್ತಲೆ ಇವುಗಳಿಗೆ ಮನೆ. ನಮಗೆ ಕೇಳಿಸದ ಕೂಗನ್ನು ಹೊರಡಿಸಿ, ಅದರ ಮಾರ್ದನಿಯಿಂದ ಪತಂಗ, ಸೊಳ್ಳೆ, ಜಿಗಿಹುಳುಗಳ ಇರವನ್ನು ಅರಿಯುತ್ತವೆ. ಭತ್ತದ ಗದ್ದೆಗಳ ಮೇಲೆ ಇರುಳಿಡೀ ಇವುಗಳ ಕಾವಲಿದೆ, ಕೂಲಿ ಕೇಳುವುದಿಲ್ಲ. ಥಾಯ್ಲೆಂಡಿನಲ್ಲಿ ಒಂದೇ ಬಗೆಯ ಬಾವಲಿಯು ಬಿಳಿಬೆನ್ನಿನ ಜಿಗಿಹುಳುವನ್ನು ತಿಂದು ಉಳಿಸುವ ಅಕ್ಕಿ ವರ್ಷಕ್ಕೆ ಸುಮಾರು 26,000 ಜನರ ಊಟಕ್ಕೆ ಸಾಕೆಂದು 2014ರ ಅಧ್ಯಯನವೊಂದು ಅಂದಾಜು ಮಾಡಿದೆ.

ಲೆಕ್ಕ ಬರೆಯುವಾಗ ನಷ್ಟವನ್ನೂ ಬರೆಯಬೇಕು. ಚಿಕ್ಕು, ಪೇರಲ, ಮಾವು ಬೆಳೆದವನಿಗೆ ಬಾವಲಿಯಿಂದ ಹಾನಿಯುಂಟು. ಅದಕ್ಕೆ ಬಲೆ ಮುಚ್ಚುವುದು ಮದ್ದು. 2018ರಲ್ಲಿ ಕೋಳಿಕ್ಕೋಡಿನ ಕಡೆ ನಿಫಾ ಜ್ವರ ಜೀವಗಳನ್ನು ಬಲಿ ತೆಗೆದುಕೊಂಡಾಗ, ಆ ವಿಷಾಣುವಿನ ನೆಲೆ ದೊಡ್ಡ ಬಾವಲಿಯೆಂಬ ಸುದ್ದಿ ನಮ್ಮ ಊರುಗಳಿಗೂ ಬಂತು. ಅಂಜಿಕೆ ಸುಳ್ಳಲ್ಲ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಅದು ಬಿಟ್ಟ ಅಡಿಕೆಯನ್ನು ನಾವು ಬರಿಗೈಯಿಂದ ಹೆಕ್ಕಿದಂತೆ ಇಂದಿನ ಮಕ್ಕಳು ಹೆಕ್ಕುವುದೂ ಬೇಡ. ಕೈಗವಸು, ಸಾಬೂನು ಇರಲಿ. ಆದರೆ ಮದ್ದುಗುಂಡು, ಕೊಡಲಿಗಳು ಇದಕ್ಕೆ ಉತ್ತರವಲ್ಲ. ನೆಲೆ ತಪ್ಪಿದ ಬಾವಲಿ ಇನ್ನೊಂದು ಊರಿಗೆ ಚದುರುತ್ತದೆಯಷ್ಟೆ. ದೊಡ್ಡ ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಹೆರುವುದು ಒಂದೇ ಮರಿ. ಒಮ್ಮೆ ಅಳಿದ ಹಿಂಡು ಮತ್ತೆ ಕೂಡಲು ಕಾಲ ಬೇಕು.

ನಮ್ಮ ಕಾನೂನೇ ಅದನ್ನು ಬಹುಕಾಲ ಕಳ್ಳನೆಂದು ಬರೆದಿಟ್ಟಿತ್ತು. 1972ರ ವನ್ಯಜೀವಿ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಇಲಿ, ಕಾಗೆಗಳ ಸಾಲಿನಲ್ಲಿ ಹಣ್ಣು ತಿನ್ನುವ ಬಾವಲಿಗಳೂ ಪೀಡೆಯೆನಿಸಿದ್ದವು. 2022ರ ತಿದ್ದುಪಡಿ ಆ ಹಳೆಯ ಪಟ್ಟಿಯನ್ನು ತೆಗೆದುಹಾಕಿತು. ಕಾಗದದ ಮೇಲಿನ ಬೈಗುಳ ಅಳಿಯಿತು. ಆದರೆ ಬಾವಲಿಗೆ ಬೇಕಾದದ್ದು ತೂಗಾಡಲು ಒಂದು ಎತ್ತರದ ಮರ. ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿ ಅಗಲವಾದಾಗ ಇಕ್ಕೆಲದ ಹಿರಿಯ ಮರಗಳೆಷ್ಟೋ ಉರುಳಿದವು. ಉಳಿದ ಆಲ, ಅರಳಿಗಳನ್ನಾದರೂ ನಾವು ಕಾಯಬೇಕು.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಕಳೆದ ವರ್ಷ ಊರಿಗೆ ಹೋದಾಗ ಬೆಟ್ಟ ಹತ್ತಿದೆ. ನಾವು ಹೆಕ್ಕದೆ ಬಿಟ್ಟ ಅಡಿಕೆ ಅಲ್ಲಲ್ಲಿ ಮರವಾಗಿ ನಿಂತಿತ್ತು. ಅದನ್ನು ನೆಟ್ಟವರು ನಮ್ಮ ಮನೆಯವರಲ್ಲ.